ಎರಡನೇ ವಿಂಡೋ ತೆಗೆದ ಮೇಲೆ: ಓದುಗರ ಪೈಥಾನ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಬಹಳಷ್ಟು ಒಂದೇ ಕಡೆ ಬಂದು ನಿಲ್ತವೆ. ಪೈಥಾನ್ ಭಾಷೆಯಲ್ಲಿ ವಿಂಡೋ, ಬಟನ್ ಮಾಡೋಕೆ ಇರೋ ಟಿಕಿಂಟರ್ ಹಿಡಿದು ಅಂಗಡಿಗೋ ಶಾಲೆಗೋ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದಾರೆ, ಮೊದಲನೇ ವಿಂಡೋ ಚೆನ್ನಾಗಿ ಬಂತು, ಆಮೇಲೆ ಬಟನ್ ಒತ್ತಿದ್ರೆ ಇನ್ನೊಂದು ವಿಂಡೋ ಬರಬೇಕು ಅಂತ ಹೊರಟಾಗ ಎಲ್ಲ ಎಡವಟ್ಟು ಶುರು. ಅದಕ್ಕೇ ಈ ತಿಂಗಳು ಪೂರ್ತಿ ಅದೇ ವಿಷಯ ಇಟ್ಕೊಂಡಿದೀನಿ. ಕಮಾಂಡುಗಳ ಹೆಸರು ಕನ್ನಡದಲ್ಲೇ ಬರೀತೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹಾಕಿ, ಎರಡು ಪದ ಇದ್ರೆ ಮಧ್ಯೆ ಅಂಡರ್‌ಸ್ಕೋರ್ ಬರುತ್ತೆ. ಟಿಕೆ, ಟಾಪ್‌ಲೆವೆಲ್, ಸ್ಟ್ರಿಂಗ್‌ವಾರ್, ಫೋಟೋಇಮೇಜ್ ಥರದವು ಕ್ಲಾಸುಗಳಾದ್ರಿಂದ (ಒಂದೇ ಥರದ ವಸ್ತು ಮಾಡೋ ಅಚ್ಚುಗಳು) ದೊಡ್ಡಕ್ಷರದಿಂದ ಶುರುವಾಗ್ತವೆ, ಟ್ರೂ, ಫಾಲ್ಸ್, ನನ್ ಕೂಡ ಹಾಗೇ, ಅಷ್ಟು ನೆನಪಿದ್ರೆ ಸಾಕು.

ಪ್ರಶ್ನೆ: ಮೇಡಂ ನಮಸ್ಕಾರ, ನಾನು ಹಾವೇರಿ ಕಡೆ ಹೈಸ್ಕೂಲು ಮಾಸ್ತರು. ಮಾರ್ಕ್ಸ್ ಎಂಟ್ರಿ ಮಾಡೋಕೆ ಪ್ರೋಗ್ರಾಮ್ ಮಾಡೀನಿ. ಮೇನ್ ವಿಂಡೋದಾಗ ಬಟನ್ ಒತ್ತಿದ್ರ ಮಾರ್ಕ್ಸ್ ತುಂಬೋ ವಿಂಡೋ ಬರ್ತದ, ತುಂಬಿ ಸೇವ್ ಒತ್ತಿದ್ರ ಫೈಲಿನಾಗ ಬರೇ ಖಾಲಿ ಬರ್ತದ. ಎರರ್ ಏನೂ ಬರಂಗಿಲ್ಲ. ಮೂರು ದಿನದಿಂದ ಕೂತೀನಿ, ಏನ್ ತಪ್ಪು ಅಂತ ತಿಳೀವಲ್ದು.

ಉತ್ತರ: ಸರ್, ನಿಮ್ಮ ಕೋಡಿನಲ್ಲಿ ತಪ್ಪು ಒಂದೇ ಲೈನಿನದು. ಎರಡನೇ ವಿಂಡೋ ಮಾಡೋಕೂ ನೀವು ಟಿಕೆ ಅಂತಲೇ ಕರೆದಿದೀರಿ, ಅಲ್ಲಿ ಟಾಪ್‌ಲೆವೆಲ್ ಅಂತ ಇರಬೇಕಿತ್ತು. ನೋಡೋಕೆ ಎರಡೂ ಒಂದೇ ಥರ, ಅದೇ ಚೌಕ, ಅದೇ ಮೇಲಿನ ಪಟ್ಟಿ, ಮೂಲೆಯಲ್ಲಿ ಅದೇ ಗುಣಾಕಾರದ ಗುರುತು, ಹಾಗಾಗಿ ಎಷ್ಟೋ ಜನ ಇಲ್ಲೇ ಮೋಸ ಹೋಗ್ತಾರೆ, ನೀವೊಬ್ಬರೇ ಅಲ್ಲ.

ಒಳಗೆ ಏನಾಗುತ್ತೆ ಅಂದ್ರೆ, ಟಿಕಿಂಟರ್ ಅನ್ನೋದು ತಾನೇ ವಿಂಡೋ ಬರೆಯೋದಿಲ್ಲ. ಜಾನ್ ಔಸ್ಟರ್‌ಹೌಟ್ ಅನ್ನೋರು ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯಲ್ಲಿದ್ದಾಗ 1988ರಲ್ಲಿ ಟಿಸಿಎಲ್ ಅಂತ ಒಂದು ಸಣ್ಣ ಸ್ಕ್ರಿಪ್ಟ್ ಭಾಷೆ ಮಾಡಿದ್ರು, ಅದಕ್ಕೆ ವಿಂಡೋ, ಬಟನ್ ಬಿಡಿಸೋ ಟೂಲ್‌ಕಿಟ್ಟಾಗಿ ಆಮೇಲೆ ಬಂದಿದ್ದು ಟಿಕೆ. ಪೈಥಾನ್ ಇವತ್ತಿಗೂ ಆ ಟಿಸಿಎಲ್ ಹತ್ರ ಹೇಳಿಯೇ ಕೆಲಸ ಮಾಡಿಸೋದು. ನೀವು ಟಿಕೆ ಅಂತ ಒಂದು ಸಲ ಕರೆದ್ರೆ ವಿಂಡೋ ಜೊತೆಗೆ ಒಂದು ಇಡೀ ಟಿಸಿಎಲ್ ಇಂಟರ್‌ಪ್ರೆಟರ್ (ಆ ಭಾಷೆ ಓದಿ ನಡೆಸೋ ಪ್ರೋಗ್ರಾಮ್) ಹುಟ್ಟುತ್ತೆ. ಎರಡು ಸಲ ಕರೆದ್ರೆ ಎರಡು ಹುಟ್ಟುತ್ತವೆ, ಒಂದರದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಒಂದೇ ಮನೇಲಿ ಎರಡು ಒಲೆ ಹೂಡಿದ ಹಾಗೆ, ಈ ಒಲೆ ಮೇಲಿನ ಸಾರು ಆ ಪಾತ್ರೆಗೆ ಬರೋದಿಲ್ಲ.

ನಿಮ್ಮ ಸ್ಟ್ರಿಂಗ್‌ವಾರ್ (ಬಾಕ್ಸಿನಲ್ಲಿ ಬರೆದದ್ದನ್ನ ಹಿಡಿದಿಡೋ ವೇರಿಯಬಲ್) ಯಾವ ವಿಂಡೋದ್ದು ಅಂತ ನೀವು ಹೇಳಿಲ್ಲ, ಹಾಗಾಗಿ ಅದು ಮೊದಲನೇ ಟಿಕೆಗೆ ಸೇರಿಕೊಂಡಿದೆ. ಎಂಟ್ರಿ ಬಾಕ್ಸು ಮಾತ್ರ ಎರಡನೇದರಲ್ಲಿದೆ. ನೀವು ಟೈಪ್ ಮಾಡಿದ ಅಂಕ ಎರಡನೇ ಇಂಟರ್‌ಪ್ರೆಟರಿನ ಒಳಗೆ ಅದೇ ಹೆಸರಿನ ಬೇರೆ ಒಂದು ವೇರಿಯಬಲ್‌ಗೆ ಹೋಗಿ ಕೂತಿದೆ, ಗೆಟ್ ಅಂತ ಕೇಳಿದಾಗ ಪೈಥಾನ್ ಮೊದಲನೇದನ್ನ ನೋಡಿ ಖಾಲಿ ಅಂತ ತಂದುಕೊಟ್ಟಿದೆ. ಯಾರೂ ತಪ್ಪು ಮಾಡಿಲ್ಲ ಅನ್ನೋ ಲೆಕ್ಕದಲ್ಲಿ ಎರರೂ ಬರಲ್ಲ. ಚಿತ್ರ ಹಾಕಿದ್ದಿದ್ರೆ ಮಾತ್ರ ಪೈಇಮೇಜ್1 (ಟಿಕಿಂಟರ್ ತಾನೇ ಚಿತ್ರಕ್ಕೆ ಇಡೋ ಹೆಸರು) ಅನ್ನೋದು ಇಲ್ಲವೇ ಇಲ್ಲ ಅಂತ ಒಂದು ಎರರ್ ಬಂದು ನಿಮಗೆ ಮೊದಲೇ ಸುಳಿವು ಸಿಗ್ತಿತ್ತು.

ಮಾಡಬೇಕಾದ್ದು ಇಷ್ಟೇ. ಇಡೀ ಪ್ರೋಗ್ರಾಮಿಗೆ ಟಿಕೆ ಒಂದೇ ಸಲ, ಮೇನ್‌ಲೂಪ್ (ಯಾರಾದ್ರೂ ಒತ್ತೋದು, ಟೈಪ್ ಮಾಡೋದನ್ನ ಕಾಯ್ತಾ ಇರೋ ಲೂಪ್) ಕೂಡ ಒಂದೇ ಸಲ. ಉಳಿದ ಎಲ್ಲ ವಿಂಡೋನೂ ಟಾಪ್‌ಲೆವೆಲ್, ಬ್ರ್ಯಾಕೆಟ್ ಒಳಗೆ ರೂಟ್ (ಟಿಕೆ ಕರೆದು ಮಾಡಿದ ಮೇನ್ ವಿಂಡೋ) ಅಂತ ಅದರ ತಾಯಿ ಯಾರು ಅಂತ ಹೇಳಿ. ಹೇಳದೇ ಇದ್ರೂ ನಡೆಯುತ್ತೆ, ಆದ್ರೆ ಬರೆಯೋದೇ ಒಳ್ಳೇದು, ಆರು ತಿಂಗಳಾದ ಮೇಲೆ ಕೋಡ್ ಓದುವಾಗ ಯಾವ ವಿಂಡೋ ಯಾರದ್ದು ಅಂತ ಕಣ್ಣಿಗೆ ಕಾಣ್ಬೇಕು.

ಇನ್ನೊಂದು ವಿಷಯ. ಎರರಿನಲ್ಲಿ ಒಂದು ಚುಕ್ಕಿ, ಆಶ್ಚರ್ಯಸೂಚಕ ಚಿಹ್ನೆ, ಟಾಪ್‌ಲೆವೆಲ್2, ಮತ್ತೆ ಚುಕ್ಕಿ, ಎಂಟ್ರಿ ಅಂತೆಲ್ಲ ಬರುತ್ತಲ್ಲ, ಅದನ್ನ ನೋಡಿ ಹೆದರಬೇಡಿ. ಅದು ವಂಶಾವಳಿ. ಮೊದಲ ಚುಕ್ಕಿ ಅಂದ್ರೆ ರೂಟ್, ಅದರ ಮಗು ಟಾಪ್‌ಲೆವೆಲ್, ಅದರ ಮಗು ಎಂಟ್ರಿ. ಪೈಥಾನ್ 3.6ರಿಂದ ಈ ಥರ ಓದೋಕಾಗೋ ಹೆಸರು ಬರ್ತಿದೆ, ಅದಕ್ಕೂ ಮುಂಚೆ ಬರೀ ಉದ್ದುದ್ದ ನಂಬರು ಬರ್ತಿತ್ತು. ಅಲ್ಲಿ ಟಾಪ್‌ಲೆವೆಲ್7 ಅಂತ ಕಂಡ್ರೆ ನಿಮ್ಮ ಪ್ರೋಗ್ರಾಮ್ ಆ ರೂಟಿನ ಕೆಳಗೆ ಏಳನೇ ವಿಂಡೋ ಮಾಡಿದೆ ಅಂತ ಅರ್ಥ. ಮುಂದಿನ ಪತ್ರದವರಿಗೆ ಇದೇ ಬೇಕಾಗಿದ್ದು.

ಪ್ರಶ್ನೆ: ಶಿರಸಿಯಿಂದ ಬರೀತಾ ಇದ್ದೇನೆ. ಅಡಿಕೆ ವ್ಯಾಪಾರದ ಲೆಕ್ಕಕ್ಕೆ ನಾನೇ ಬರೆದ ಪ್ರೋಗ್ರಾಮ್. ರೈತರ ಹೆಸರಿನ ಮೇಲೆ ಒತ್ತಿದರೆ ಅವರ ತೂಕದ ವಿವರ ಬೇರೆ ವಿಂಡೋದಲ್ಲಿ ಬರುತ್ತದೆ. ಆದರೆ ಅಂಗಡಿಯ ಹುಡುಗ ಎರಡು ಮೂರು ಸಲ ಒತ್ತುತ್ತಾನೆ, ಮೂರು ವಿಂಡೋ ಬರುತ್ತದೆ, ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಸೇವ್ ಮಾಡಿ ಹಳೇ ತೂಕವೇ ಉಳಿದುಬಿಟ್ಟಿತ್ತು. ರೈತರ ದುಡ್ಡಿನ ವಿಷಯ, ಸುಮ್ಮನೆ ಬಿಡುವ ಹಾಗಿಲ್ಲ.

ಉತ್ತರ: ನೀವು ಹೇಳಿದ್ದು ನಿಜ, ತೂಕದ ಚೀಟಿಯಲ್ಲಿ ಒಂದು ಕಿಲೋ ಹೆಚ್ಚುಕಮ್ಮಿ ಆದ್ರೂ ಅದು ಒಬ್ಬರ ವರ್ಷದ ದುಡಿಮೆ, ಹುಡುಗನಿಗೆ ಒಂದೇ ಸಲ ಒತ್ತು ಅಂತ ಹೇಳಿ ಕೂತ್ಕೊಂಡ್ರೆ ಆಗಲ್ಲ, ಪ್ರೋಗ್ರಾಮೇ ತಡೀಬೇಕು.

ನಿಮ್ಮ ಫಂಕ್ಷನ್ ಪ್ರತಿ ಸಲ ಕಣ್ಣುಮುಚ್ಚಿ ಹೊಸ ಟಾಪ್‌ಲೆವೆಲ್ ಮಾಡ್ತಿದೆ, ಹಳೇದು ಎಲ್ಲಿದೆ ಅಂತ ಯಾರೂ ಬರೆದಿಟ್ಟಿಲ್ಲ. ಬರೆದಿಡಿ. ನಿಮ್ಮಲ್ಲಿ ಬೇರೆ ಬೇರೆ ರೈತರ ವಿಂಡೋ ಒಟ್ಟಿಗೆ ತೆರೆದಿರಬಹುದಾದ್ರಿಂದ ಒಂದು ಡಿಕ್ಷನರಿ ಇಟ್ಕೊಳ್ಳಿ, ಕೀ ಜಾಗದಲ್ಲಿ ರೈತರ ಖಾತೆ ನಂಬರು (ಹೆಸರು ಬೇಡ, ಒಂದೇ ಹೆಸರಿನವರು ಊರಲ್ಲಿ ನಾಲ್ಕು ಜನ ಇರ್ತಾರೆ), ವ್ಯಾಲ್ಯೂ ಜಾಗದಲ್ಲಿ ಆ ವಿಂಡೋ. ಒತ್ತಿದಾಗ ಮೊದಲು ಡಿಕ್ಷನರಿ ನೋಡಿ, ಆ ನಂಬರಿನ ವಿಂಡೋ ಇದ್ದು ಅದರ ವಿನ್‌ಫೋ ಎಕ್ಸಿಸ್ಟ್ಸ್ (ವಿಂಡೋ ಇನ್ನೂ ಇದೆಯಾ ಅಂತ ಕೇಳೋದು) 1 ಅಂತ ಹೇಳಿದ್ರೆ ಹೊಸದು ಮಾಡಬೇಡಿ, ಇರೋದನ್ನೇ ಡಿಐಕಾನಿಫೈ ಮಾಡಿ, ಲಿಫ್ಟ್ ಮಾಡಿ, ಫೋಕಸ್ ಸೆಟ್ ಮಾಡಿ. ಇಲ್ಲದಿದ್ರೆ ಮಾತ್ರ ಹೊಸದು ಮಾಡಿ ಡಿಕ್ಷನರಿಗೆ ಸೇರಿಸಿ. ಡಿಐಕಾನಿಫೈ ಯಾಕೆ ಅಂದ್ರೆ ಹುಡುಗ ವಿಂಡೋನ ಕೆಳಗೆ ಇಳಿಸಿ ಮರೆತಿರ್ತಾನೆ, ಬರೀ ಲಿಫ್ಟ್ ಮಾಡಿದ್ರೆ ಅದು ಮೇಲೆ ಬರೋದಿಲ್ಲ.

ವಿನ್‌ಫೋ ಎಕ್ಸಿಸ್ಟ್ಸ್ ನೋಡದೇ ಬರೀ ವೇರಿಯಬಲ್ ಖಾಲಿ ಇದೆಯಾ ಅಂತ ಮಾತ್ರ ನೋಡೋರು ಬಹಳ ಜನ. ವಿಂಡೋ ಮುಚ್ಚಿದ ಮೇಲೂ ಪೈಥಾನ್ ಕಡೆ ಆ ಆಬ್ಜೆಕ್ಟ್ ಇದ್ದೇ ಇರುತ್ತೆ, ಟಿಕೆ ಕಡೆ ಮಾತ್ರ ಹೋಗಿರುತ್ತೆ. ಆಗ ಲಿಫ್ಟ್ ಅಂದ್ರೆ ಅಂಥ ವಿಂಡೋ ಇಲ್ಲ ಅಂತ ಟಿಸಿಎಲ್ ಎರರ್ ಬರುತ್ತೆ.

ಇನ್ನೊಂದು ಎಚ್ಚರ. ಫಾರ್ ಲೂಪಿನಲ್ಲಿ ಪ್ರತಿ ರೈತನಿಗೊಂದು ಬಟನ್ ಮಾಡಿ ಕಮಾಂಡಿಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಡೋದಾದ್ರೆ ಒಳಗೆ ಲೂಪಿನ ವೇರಿಯಬಲ್ಲನ್ನೇ ನೇರ ಹಾಕಬೇಡಿ. ಹಾಗೆ ಹಾಕಿದ್ರೆ ಯಾವ ಬಟನ್ ಒತ್ತಿದ್ರೂ ಕೊನೇ ರೈತನ ವಿಂಡೋನೇ ತೆರೆಯುತ್ತೆ, ಯಾಕಂದ್ರೆ ಲ್ಯಾಂಬ್ಡಾ ಬೆಲೆ ನೋಡೋದು ಒತ್ತಿದ ಹೊತ್ತಿಗೆ, ಅಷ್ಟರಲ್ಲಿ ಲೂಪ್ ಮುಗಿದಿರುತ್ತೆ. ಲ್ಯಾಂಬ್ಡಾ ಪಕ್ಕ ಎನ್ ಈಕ್ವಲ್ ಟು ಎನ್ (ಎನ್ ಅಂದ್ರೆ ಲೂಪಿನ ವೇರಿಯಬಲ್) ಅಂತ ಡೀಫಾಲ್ಟ್ ಬೆಲೆ ಕೊಟ್ರೆ ಆವಾಗಿನದ್ದು ಆವಾಗಲೇ ಹಿಡಿದುಕೊಳ್ಳುತ್ತೆ. ಎಲ್ಲಾದ್ರೂ ನೇರ ಹಾಕಿದ್ರೆ ಇವತ್ತೇ ಸರಿಮಾಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಮೆಡಿಕಲ್ ಶಾಪ್ ಇದೆ ಮೇಡಂ. ಬಿಲ್ ಮಾಡುವಾಗ ಔಷಧಿ ಆರಿಸಿದ್ರೆ ಎಷ್ಟು ಸ್ಟ್ರಿಪ್, ಯಾವ ಬ್ಯಾಚ್ ಅಂತ ಕೇಳೋ ಸಣ್ಣ ವಿಂಡೋ ಬರ್ಬೇಕು. ಬರುತ್ತೆ, ಆದ್ರೆ ನಾನು ತುಂಬೋಕೆ ಮುಂಚೇನೇ ಬಿಲ್ಲಿನಲ್ಲಿ ಸೊನ್ನೆ ಅಂತ ಬಿದ್ದಿರುತ್ತೆ. ಹಿಂದಿನ ಮೇನ್ ವಿಂಡೋನೂ ಒತ್ತೋಕಾಗುತ್ತೆ, ಅದು ಆಗ್ಬಾರ್ದು.

ಉತ್ತರ: ಟಾಪ್‌ಲೆವೆಲ್ ಮಾಡೋ ಲೈನು ವಿಂಡೋ ಮಾಡಿ ಮುಂದಿನ ಲೈನಿಗೆ ಹೋಗಿಬಿಡುತ್ತೆ, ಯಾರಿಗೂ ಕಾಯೋದಿಲ್ಲ. ನೀವು ಆ ಮುಂದಿನ ಲೈನಿನಲ್ಲೇ ಸಂಖ್ಯೆ ಓದಿದೀರಿ, ಆಗ ವಿಂಡೋ ಇನ್ನೂ ತೆರೆ ಮೇಲೆ ಬಂದೇ ಇಲ್ಲ. ಕಾಯಿಸೋಕೆ ವೇಟ್ ವಿಂಡೋ ಅಂತಿದೆ, ಆ ವಿಂಡೋ ನಾಶ ಆಗೋತನಕ ನಿಮ್ಮ ಫಂಕ್ಷನ್ ಅಲ್ಲೇ ನಿಂತಿರುತ್ತೆ, ಆದ್ರೂ ಪ್ರೋಗ್ರಾಮ್ ಹೆಪ್ಪುಗಟ್ಟಲ್ಲ, ಯಾಕಂದ್ರೆ ಒಳಗೆ ಅದು ಈವೆಂಟ್‌ಗಳನ್ನ ನೋಡ್ಕೊಳ್ತಾನೇ ಇರುತ್ತೆ.

ಆದ್ರೆ ವೇಟ್ ವಿಂಡೋ ಆದ ಮೇಲೆ ಎಂಟ್ರಿ ಬಾಕ್ಸಿನಿಂದ ಗೆಟ್ ಮಾಡೋಕೆ ಹೋಗಬೇಡಿ. ವಿಂಡೋ ಹೋಯ್ತು ಅಂದ್ರೆ ಅದರೊಳಗಿನ ಬಾಕ್ಸೂ ಹೋಯ್ತು, ಇನ್‌ವ್ಯಾಲಿಡ್ ಕಮಾಂಡ್ ನೇಮ್ ಅಂತ ಎರರ್ ಬರುತ್ತೆ. ಓಕೆ ಬಟನ್ನಿನ ಫಂಕ್ಷನ್ನಿನಲ್ಲೇ ಮೊದಲು ಬೆಲೆಯನ್ನ ರಿಸಲ್ಟ್ ಅಂತ ಒಂದು ಕಡೆ ಇಟ್ಟು ಆಮೇಲೆ ಡಿಸ್ಟ್ರಾಯ್ ಮಾಡಿ. ಮೊದಲಿಗೆ ರಿಸಲ್ಟಿನಲ್ಲಿ ನನ್ (None, ಏನೂ ಇಲ್ಲ ಅನ್ನೋ ಬೆಲೆ) ಇಟ್ಟಿರಿ, ಕ್ಯಾನ್ಸಲ್ ಒತ್ತಿದ್ರೆ ಅದು ನನ್ ಆಗೇ ಉಳಿಯುತ್ತೆ, ಬಿಲ್ಲಿಗೆ ಏನೂ ಬೀಳಲ್ಲ.

ಹಿಂದಿನ ವಿಂಡೋ ಒತ್ತೋಕೆ ಆಗದಂಗೆ ಮಾಡೋದು ಗ್ರ್ಯಾಬ್ ಸೆಟ್. ನಾನು ಹಾಕೋ ಕ್ರಮ ಹೀಗೆ: ಟಾಪ್‌ಲೆವೆಲ್ ಮಾಡು, ಟ್ರಾನ್ಸಿಯೆಂಟ್ ಅಂತ ಮೇನ್ ವಿಂಡೋಗೆ ಕಟ್ಟು, ಒಳಗಿನ ಬಾಕ್ಸು ಬಟನ್ ಎಲ್ಲ ಇಡು, ವೇಟ್ ವಿಸಿಬಿಲಿಟಿ (ವಿಂಡೋ ತೆರೆ ಮೇಲೆ ಕಾಣೋತನಕ ಕಾಯೋದು), ಗ್ರ್ಯಾಬ್ ಸೆಟ್, ಮೊದಲ ಬಾಕ್ಸಿಗೆ ಫೋಕಸ್, ಕೊನೆಗೆ ವೇಟ್ ವಿಂಡೋ. ಟ್ರಾನ್ಸಿಯೆಂಟ್ ಅಂದ್ರೆ ಇದು ಆ ವಿಂಡೋದ ಉಪವಿಂಡೋ ಅಂತ ಸಿಸ್ಟಮ್‌ಗೆ ತಿಳಿಸೋದು, ಆಗ ಅದು ಯಾವಾಗಲೂ ಮೇನ್ ವಿಂಡೋದ ಮೇಲೇ ಇರುತ್ತೆ, ಮೇನ್ ಇಳಿಸಿದ್ರೆ ಜೊತೆಗೇ ಇಳಿಯುತ್ತೆ. ವೇಟ್ ವಿಸಿಬಿಲಿಟಿ ಬಿಟ್ರೆ ವಿಂಡೋಸಿನಲ್ಲಿ ಎಷ್ಟೋ ಸಲ ನಡೆದುಬಿಡುತ್ತೆ, ಲಿನಕ್ಸಿನಲ್ಲಿ ಮಾತ್ರ ಕಾಣದ ವಿಂಡೋಗೆ ಗ್ರ್ಯಾಬ್ ಕೊಡೋಕಾಗಲ್ಲ ಅಂತ ಎರರ್ ಬರುತ್ತೆ.

ಎಷ್ಟು ಸ್ಟ್ರಿಪ್ ಅಂತ ಬರೀ ಒಂದು ಸಂಖ್ಯೆ ಸಾಕಿದ್ದಿದ್ರೆ ಇಷ್ಟೆಲ್ಲ ಬೇಡವೇ ಬೇಡ, ಸಿಂಪಲ್‌ಡೈಲಾಗ್ ಒಳಗೆ ಆಸ್ಕ್‌ಇಂಟಿಜರ್ ಇದೆ, ಮಿನ್‌ವ್ಯಾಲ್ಯೂ 1 ಅಂತ ಕೊಟ್ರೆ ಸೊನ್ನೆ ಹಾಕೋಕೇ ಬಿಡಲ್ಲ. ನಿಮಗೆ ಬ್ಯಾಚ್ ಕೂಡ ಬೇಕಿರೋದ್ರಿಂದ ಅದೇ ಮಾಡ್ಯೂಲಿನ ಡೈಲಾಗ್ ಕ್ಲಾಸನ್ನ ಹಿಡಿದು ನಿಮ್ಮದೊಂದು ಕ್ಲಾಸ್ ಮಾಡಿ. ಬಾಡಿ ಅನ್ನೋದರಲ್ಲಿ ಬಾಕ್ಸು ಇಡಿ, ವ್ಯಾಲಿಡೇಟ್ ಅನ್ನೋದರಲ್ಲಿ ತುಂಬಿದ್ದು ಸರಿಯಾ ನೋಡಿ, ಅಪ್ಲೈ ಅನ್ನೋದರಲ್ಲಿ ರಿಸಲ್ಟ್ ಇಡಿ. ಗ್ರ್ಯಾಬು, ಕಾಯೋದು, ಎಂಟರ್ ಒತ್ತಿದ್ರೆ ಓಕೆ, ಎಸ್ಕೇಪ್ ಒತ್ತಿದ್ರೆ ಕ್ಯಾನ್ಸಲ್, ಎಲ್ಲ ಅದೇ ನೋಡ್ಕೊಳ್ಳುತ್ತೆ. ಸಂಜೆ ಹೊತ್ತು ಅಂಗಡಿ ಮುಂದೆ ಜನ ನಿಂತಿರುವಾಗ ಮೌಸ್ ಹುಡುಕೋದಕ್ಕಿಂತ ಎಂಟರ್ ಒತ್ತೋದು ಎಷ್ಟು ವಾಸಿ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಇಂಜಿನಿಯರಿಂಗ್ ಓದ್ತಿದೀನಿ ಮ್ಯಾಮ್. ಪ್ರಾಜೆಕ್ಟಿಗೆ ಲಾಗಿನ್ ವಿಂಡೋ ಇಟ್ಟಿದೀನಿ, ರೂಟನ್ನ ವಿತ್‌ಡ್ರಾ ಮಾಡಿ ಲಾಗಿನ್ ತೋರಿಸ್ತೀನಿ. ಲಾಗಿನ್ ಆಗದೇ ವಿಂಡೋ ಕ್ಲೋಸ್ ಮಾಡಿದ್ರೆ ಸ್ಕ್ರೀನ್ ಮೇಲೆ ಏನೂ ಇಲ್ಲ, ಆದ್ರೆ ಟಾಸ್ಕ್ ಮ್ಯಾನೇಜರಿನಲ್ಲಿ ಪೈಥಾನ್ ಓಡ್ತಾನೇ ಇದೆ, ಹತ್ತು ಸಲ ಟೆಸ್ಟ್ ಮಾಡಿದ್ರೆ ಹತ್ತು ಇರುತ್ತೆ.

ಉತ್ತರ: ಮೇನ್‌ಲೂಪ್ ನಿಲ್ಲೋದು ರೂಟ್ ಹೋದಾಗ. ನಿಮ್ಮ ರೂಟ್ ಹೋಗಿಲ್ಲ, ಬಚ್ಚಿಟ್ಕೊಂಡಿದೆ ಅಷ್ಟೇ. ಲಾಗಿನ್ ವಿಂಡೋ ಮುಚ್ಚಿದ್ರೆ ಮಗು ಹೋಯ್ತು, ತಾಯಿ ಒಳಗೆ ಕತ್ತಲಲ್ಲಿ ಕಾಯ್ತಾ ಕೂತಿದ್ದಾಳೆ. ಲಾಗಿನ್ ವಿಂಡೋದ ಪ್ರೋಟೋಕಾಲ್ ಕರೆದು ಡಬ್ಲ್ಯೂಎಂ ಡಿಲೀಟ್ ವಿಂಡೋ ಅನ್ನೋದಕ್ಕೆ (ಮೂಲೆಯ ಗುರುತು ಒತ್ತಿ ಮುಚ್ಚೋದಕ್ಕೆ ಇರೋ ಹೆಸರು, ಇದು ಪೂರ್ತಿ ದೊಡ್ಡಕ್ಷರ) ರೂಟ್ ಡಾಟ್ ಡಿಸ್ಟ್ರಾಯ್ ಕೊಡಿ, ಕೊನೇಲಿ ಬ್ರ್ಯಾಕೆಟ್ ಹಾಕಬೇಡಿ, ಹಾಕಿದ್ರೆ ಆ ಕ್ಷಣವೇ ಎಲ್ಲ ಮುಚ್ಚಿಹೋಗುತ್ತೆ. ಪಾಸ್‌ವರ್ಡ್ ಸರಿ ಇದ್ರೆ ಲಾಗಿನ್ನನ್ನ ಡಿಸ್ಟ್ರಾಯ್ ಮಾಡಿ ರೂಟನ್ನ ಡಿಐಕಾನಿಫೈ ಮಾಡಿ. ಮೇಲಿನ ಉತ್ತರ ಓದಿ ಇಲ್ಲೂ ಟ್ರಾನ್ಸಿಯೆಂಟ್ ಹಾಕೋಕೆ ಹೋಗಬೇಡಿ, ತಾಯಿ ವಿಂಡೋ ಅಡಗಿದ್ರೆ ಟ್ರಾನ್ಸಿಯೆಂಟ್ ಆದ ಮಗುನೂ ಅಡಗಿಯೇ ಇರುತ್ತೆ, ಆಮೇಲೆ ಲಾಗಿನ್ನೇ ಕಾಣಲ್ಲ ಅಂತ ಇನ್ನೊಂದು ಪತ್ರ ಬರೀತೀರಿ.

ನನ್ನ ಕೇಳಿದ್ರೆ ಲಾಗಿನ್ನಿಗೆ ಎರಡನೇ ವಿಂಡೋನೇ ಬೇಡ. ರೂಟಿನಲ್ಲೇ ಒಂದು ಫ್ರೇಮಿನಲ್ಲಿ ಲಾಗಿನ್ ಇಡಿ, ಆದ ಮೇಲೆ ಆ ಫ್ರೇಮ್ ತೆಗೆದು ಮುಂದಿನ ಫ್ರೇಮ್ ಪ್ಯಾಕ್ ಮಾಡಿ. ಎರಡೂ ಒಟ್ಟಿಗೆ ಕಣ್ಣ ಮುಂದೆ ಇರಬೇಕಾದಾಗ ಮಾತ್ರ ಇನ್ನೊಂದು ವಿಂಡೋ ಬೇಕು.

ಪ್ರಶ್ನೆ: ಎಂಟ್ರಿ ವಿಂಡೋ ತಪ್ಪಿ ಮುಚ್ಚಿದರೆ ಬರೆದದ್ದೆಲ್ಲ ಹೋಗ್ತದೆ. ಮುಚ್ಚುವ ಮೊದಲು ಕೇಳುವ ಹಾಗೆ ಮಾಡುವುದು ಹೇಗೆ? ಪುತ್ತೂರಿನಿಂದ.

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಿಜವಾಗ್ಲೂ ಥ್ಯಾಂಕ್ಸ್. ಕೆಲವು ವರ್ಷದ ಹಿಂದೆ ಒಂದು ಸ್ತ್ರೀಶಕ್ತಿ ಸಂಘಕ್ಕೆ ಉಳಿತಾಯದ ಲೆಕ್ಕ ಬರೆಯೋ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಲೆಕ್ಕ ನೋಡ್ಕೊಳ್ಳೋ ಅಕ್ಕ ಕಂಪ್ಯೂಟರ್ ಮುಟ್ಟಿದ್ದೇ ಆಗ, ಒಂದೊಂದೇ ಅಕ್ಷರ ಹುಡುಕಿ ಇಡೀ ಮಧ್ಯಾಹ್ನ ಕೂತು ಎಲ್ಲರ ಕಂತು ತುಂಬಿದ್ರು, ಮುಗೀತಲ್ಲ ಅಂತ ಮೂಲೆಯ ಗುಣಾಕಾರದ ಗುರುತು ಒತ್ತಿದ್ರು, ಎಲ್ಲ ಹೋಯ್ತು. ಅವರು ನನ್ನ ಬೈಲಿಲ್ಲ, ನಂಗೇ ಬರಲ್ಲ ಬಿಡಮ್ಮ ಅಂದ್ಬಿಟ್ರು. ತಪ್ಪು ಅವರದ್ದಲ್ಲ, ನಂದು, ಆದ್ರೆ ಅವರು ತಮ್ಮ ಮೇಲೆ ಹಾಕ್ಕೊಂಡ್ರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ, ಆವತ್ತಿಂದ ಯಾವ ಎಂಟ್ರಿ ವಿಂಡೋ ಬರೆದ್ರೂ ಮುಚ್ಚೋ ದಾರಿಯನ್ನೇ ಮೊದಲು ಬರೀತೀನಿ.

ಅದೇ ಪ್ರೋಟೋಕಾಲ್ ಇಲ್ಲೂ. ಮುಚ್ಚೋ ಗುರುತಿಗೆ ನಿಮ್ಮದೊಂದು ಫಂಕ್ಷನ್ ಕಟ್ಟಿ. ಅದರಲ್ಲಿ ಏನಾದ್ರೂ ಬದಲಾಗಿದೆಯಾ ನೋಡಿ, ಆಗಿಲ್ಲದಿದ್ರೆ ಕೇಳದೇ ಡಿಸ್ಟ್ರಾಯ್ ಮಾಡಿ, ಪ್ರತಿ ಸಲ ಕೇಳಿದ್ರೆ ಜನ ಓದದೇ ಒತ್ತೋಕೆ ಶುರುಮಾಡ್ತಾರೆ. ಬದಲಾಗಿದ್ರೆ ಮೆಸೇಜ್‌ಬಾಕ್ಸಿನ ಆಸ್ಕ್‌ಯೆಸ್‌ನೋಕ್ಯಾನ್ಸಲ್ ಹಾಕಿ, ಟ್ರೂ ಬಂದ್ರೆ ಸೇವ್ ಮಾಡಿ ಮುಚ್ಚಿ, ಫಾಲ್ಸ್ ಬಂದ್ರೆ ಹಾಗೇ ಮುಚ್ಚಿ, ನನ್ ಬಂದ್ರೆ ಮುಚ್ಚಲೇಬೇಡಿ. ಬರೀ ಇಫ್ ನಾಟ್ ಅಂತ ಬರೆದ್ರೆ ಫಾಲ್ಸೂ ನನ್ನೂ ಒಂದೇ ಆಗಿಬಿಡುತ್ತೆ, ಈಸ್ ನನ್ ಅಂತಲೇ ನೋಡಿ. ಪೇರೆಂಟ್ ಅಂತ ಈ ಎಂಟ್ರಿ ವಿಂಡೋನೇ ಕೊಡಿ, ಇಲ್ಲದಿದ್ರೆ ಪ್ರಶ್ನೆ ಮೇನ್ ವಿಂಡೋಗೆ ಅಂಟಿಕೊಂಡು ಬರುತ್ತೆ.

ಮೇನ್ ವಿಂಡೋ ಮುಚ್ಚಿದ್ರೆ ಮಕ್ಕಳ ವಿಂಡೋಗಳೆಲ್ಲ ಕೇಳದೇ ಹೋಗ್ತವೆ, ಅವುಗಳ ಪ್ರೋಟೋಕಾಲ್ ಓಡೋದೇ ಇಲ್ಲ. ಹಾಗಾಗಿ ರೂಟಿಗೂ ಒಂದು ಮುಚ್ಚೋ ಫಂಕ್ಷನ್ ಬೇಕು, ಅದು ತೆರೆದಿರೋ ಒಂದೊಂದು ವಿಂಡೋನೂ ಕೇಳ್ಕೊಂಡು ಬರಬೇಕು. ಇದರ ಬದಲು ಡಿಸ್ಟ್ರಾಯ್ ಈವೆಂಟಿಗೆ ಬೈಂಡ್ ಮಾಡೋಕೆ ಹೋಗ್ತಾರೆ ಕೆಲವರು, ಅದು ವಿಂಡೋ ಒಳಗಿನ ಪ್ರತಿ ಬಟನ್ನಿಗೂ ಪ್ರತಿ ಲೇಬಲ್ಲಿಗೂ ಒಂದೊಂದು ಸಲ ಓಡುತ್ತೆ, ಅಷ್ಟರಲ್ಲಿ ಉಳಿಸೋಕೆ ಏನೂ ಉಳಿದಿರಲ್ಲ.

ವಿಂಡೋದಲ್ಲಿ ಆಫ್ಟರ್ (ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಓಡಿಸು ಅನ್ನೋ ಕಮಾಂಡು) ಹಾಕಿದ್ರೆ ಅದೇ ಮುಚ್ಚೋ ಫಂಕ್ಷನ್ನಿನಲ್ಲಿ ಅದನ್ನೂ ನಿಲ್ಲಿಸಿ. ವಿಂಡೋದಲ್ಲಿ 1000 ಮಿಲಿಸೆಕೆಂಡಿಗೊಮ್ಮೆ ಓಡೋ ಗಡಿಯಾರ ಇಟ್ಟಿದೀರಿ ಅಂತ ಕೋಡಿನಲ್ಲಿ ನೋಡಿದೆ, ಆಫ್ಟರ್ ಕೊಡೋ ಐಡಿ ಇಟ್ಕೊಂಡು ಮುಚ್ಚುವಾಗ ಆಫ್ಟರ್ ಕ್ಯಾನ್ಸಲ್ ಮಾಡಿ, ಇಲ್ಲಾಂದ್ರೆ ಇಲ್ಲದ ವಿಂಡೋಗೆ ಟೈಮ್ ಬರೆಯೋಕೆ ಹೋಗಿ ಎರರ್ ಬರುತ್ತೆ.

ಪ್ರಶ್ನೆ: ದಾವಣಗೆರೆಯಿಂದ. ಎಲ್ಲ ರಸೀದಿ ಒಟ್ಟಿಗೆ ಫೈಲ್ ಮಾಡುವಾಗ ದಯವಿಟ್ಟು ಕಾಯಿರಿ ಅಂತ ಒಂದು ವಿಂಡೋ ತೆಗೀತೀನಿ, ಅದು ಬಿಳೀ ಖಾಲಿ ಆಗಿ ನಾಟ್ ರೆಸ್ಪಾಂಡಿಂಗ್ ಅಂತ ಬರುತ್ತೆ.

ಉತ್ತರ: ವಿಂಡೋ ಬಿಡಿಸೋದೂ ರಸೀದಿ ಮಾಡೋದೂ ಒಬ್ಬನೇ ಆಳು. ರಸೀದಿ ಮುಗಿಯೋತನಕ ಅವನಿಗೆ ವಿಂಡೋ ಕಡೆ ತಿರುಗೋಕೆ ಪುರುಸೊತ್ತಿಲ್ಲ. ಲೂಪ್ ಬಿಟ್ಟು ಒಂದು ರಸೀದಿ ಮಾಡೋ ಫಂಕ್ಷನ್ ಬರೆಯಿರಿ, ಮುಗಿದ ಮೇಲೆ ಅದು ಆಫ್ಟರ್ ಮೂಲಕ 10 ಮಿಲಿಸೆಕೆಂಡ್ ಆದ ಮೇಲೆ ಮುಂದಿನ ರಸೀದಿಗೆ ತನ್ನನ್ನೇ ಕರೀಲಿ, ಮಧ್ಯೆ ವಿಂಡೋ ಉಸಿರಾಡುತ್ತೆ. ಒಂದೇ ಕೆಲಸ ತುಂಬ ಹೊತ್ತು ಹಿಡಿಯೋದಾದ್ರೆ ಬೇರೆ ಥ್ರೆಡ್ಡಿಗೆ (ಜೊತೆಜೊತೆಗೇ ಓಡೋ ಇನ್ನೊಬ್ಬ ಆಳು ಅಂದ್ಕೊಳ್ಳಿ) ಹಾಕಿ, ಆದ್ರೆ ಆ ಥ್ರೆಡ್ಡಿನಿಂದ ನೇರವಾಗಿ ಲೇಬಲ್ ಬದಲಿಸಬೇಡಿ, ಹೇಳಬೇಕಾದ್ದನ್ನ ಒಂದು ಕ್ಯೂ (ಸರದಿ ಸಾಲು) ಒಳಗೆ ಹಾಕಲಿ, ಮೇನ್ ಕಡೆಯಿಂದ 100 ಮಿಲಿಸೆಕೆಂಡಿಗೊಮ್ಮೆ ಆಫ್ಟರ್ ಹಾಕಿ ಕ್ಯೂ ನೋಡ್ಕೊಳ್ಳಿ. ಲೂಪಿನ ಮಧ್ಯೆ ಅಪ್‌ಡೇಟ್ ಅಂತ ಕರೆದ್ರೂ ವಿಂಡೋ ಕಾಣುತ್ತೆ, ಆದ್ರೆ ಆಗ ಬಟನ್‌ಗಳೂ ಜೀವ ಪಡೀತವೆ, ಯಾರಾದ್ರೂ ಮತ್ತೆ ರಸೀದಿ ಬಟನ್ ಒತ್ತಿದ್ರೆ ಅರ್ಧ ಆದ ಕೆಲಸದ ಒಳಗೆ ಅದೇ ಕೆಲಸ ಮತ್ತೆ ಶುರುವಾಗುತ್ತೆ. ಹಾಗೆ ಮಾಡೋದಾದ್ರೆ ಮೊದಲು ಬಟನ್ನನ್ನ ಡಿಸೇಬಲ್ ಮಾಡಿ.

ಪ್ರಶ್ನೆ: ಎರಡನೇ ವಿಂಡೋನ ಮೇನ್ ವಿಂಡೋದ ನಡುವೆ ತರೋಕೆ ಅಗಲ ಕೇಳಿದ್ರೆ ಯಾವಾಗಲೂ 1 ಅಂತಲೇ ಹೇಳುತ್ತೆ. ಅದರಲ್ಲಿ ಹಾಕಿದ ಲೋಗೋ ಕೂಡ ಕಾಣಲ್ಲ.

ಉತ್ತರ: ಇನ್ನೂ ಬಿಡಿಸದ ವಿಂಡೋದ ಅಗಲ 1. ವಿನ್‌ಫೋ ವಿಡ್ತ್ ಕೇಳೋ ಮುಂಚೆ ಅಪ್‌ಡೇಟ್ ಐಡಲ್‌ಟಾಸ್ಕ್ಸ್ ಕರೆಯಿರಿ. ವಿಂಡೋ ಮೊದಲು ಒಂದು ಕಡೆ ಬಂದು ಆಮೇಲೆ ಜಿಗಿದ ಹಾಗೆ ಕಂಡ್ರೆ, ಮಾಡಿದ ತಕ್ಷಣ ವಿತ್‌ಡ್ರಾ ಮಾಡಿ, ಜಾಮೆಟ್ರಿ (ಅಳತೆ, ಜಾಗ) ಇಟ್ಟು ಆಮೇಲೆ ಡಿಐಕಾನಿಫೈ ಮಾಡಿ. ಲೋಗೋ ಕಾಣದ್ದು ಯಾಕಂದ್ರೆ ಫೋಟೋಇಮೇಜ್ ಫಂಕ್ಷನ್ ಒಳಗಿನ ವೇರಿಯಬಲ್ಲಿನಲ್ಲಿದೆ, ಫಂಕ್ಷನ್ ಮುಗಿದ ತಕ್ಷಣ ಪೈಥಾನ್ ಅದನ್ನ ಗುಡಿಸಿಬಿಡುತ್ತೆ. ವಿಂಡೋ ಆಬ್ಜೆಕ್ಟಿಗೇ ಲೋಗೋ ಅಂತ ಕಟ್ಟಿಡಿ, ವಿಂಡೋ ಇರೋತನಕ ಅದೂ ಇರುತ್ತೆ.

ಪ್ರಶ್ನೆ: ಉಪವಿಂಡೋದ ಲೇಬಲ್‌ನಲ್ಲಿ ಕನ್ನಡ ಹಾಕಿದ್ರೆ ವಿಂಡೋಸ್‌ನಲ್ಲಿ ಸರಿ, ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ಅಕ್ಕಪಕ್ಕ ಬರುತ್ತೆ. ಫಾಂಟ್ ಬದಲಿಸಿದ್ರೂ ಅಷ್ಟೇ.

ಉತ್ತರ: ಫಾಂಟಿನ ತಪ್ಪಲ್ಲ. ಅಕ್ಷರ ಕೂಡಿಸಿ ಒತ್ತು ಕೆಳಗೆ ಇಳಿಸೋ ಕೆಲಸವನ್ನ ವಿಂಡೋಸಿನಲ್ಲಿ ಸಿಸ್ಟಮ್ಮೇ ಮಾಡಿಕೊಡುತ್ತೆ, ಲಿನಕ್ಸಿನಲ್ಲಿ ಟಿಕೆ 8.6 ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಇಟ್ಟುಬಿಡುತ್ತೆ. ನಮ್ಮ ಭಾಷೆಗೆ ಇದು ದೊಡ್ಡ ಕೊರತೆ, ಮಕ್ಕಳ ಮುಂದೆ ಒಡೆದ ಕನ್ನಡ ಇಡೋದು ನನಗಂತೂ ಒಪ್ಪಿಗೆ ಇಲ್ಲ. ತಲೆಬರಹ, ಬಟನ್ನಿನ ಹೆಸರಿನಂಥ ಬದಲಾಗದ ಮಾತುಗಳನ್ನ ಚಿತ್ರ ಮಾಡಿ ಹಾಕಬಹುದು, ಮಕ್ಕಳು ಕನ್ನಡದಲ್ಲೇ ಟೈಪ್ ಮಾಡಬೇಕು ಅಂತಿದ್ರೆ ಟಿಕಿಂಟರ್ ಬಿಟ್ಟು ಕ್ಯೂಟಿ ಅಥವಾ ಜಿಟಿಕೆ ಅನ್ನೋ ಬೇರೆ ಟೂಲ್‌ಕಿಟ್ ಹಿಡಿಯಿರಿ, ಅವೆರಡರಲ್ಲೂ ಒತ್ತಕ್ಷರ ಸರಿಯಾಗಿ ಕೂರುತ್ತೆ. ಕ್ಯೂಟಿಯಲ್ಲಿ ಉಪವಿಂಡೋಗೆ ಕ್ಯೂಡೈಲಾಗ್ ಅಂತಿದೆ, ಅಲ್ಲೂ ತಾಯಿ ಯಾರು ಅಂತ ಹೇಳೋದೇ ಒಳ್ಳೇದು. ಬೇಕಿದ್ರೆ ನಿಮ್ಮ ಕೋಡ್ ಕಳಿಸಿ, ಯಾವ ಭಾಗ ಹೇಗೆ ಬದಲಾಗುತ್ತೆ ಅಂತ ಮುಂದಿನ ತಿಂಗಳು ಅದನ್ನೇ ಹಿಡಿದು ಬರೀತೀನಿ.